ಶೀಟಿನಡಿಯ ಬೆಂಚುಗಳು

ನಮ್ಮ ಸ್ಟಾಫ್ ರೂಮಿನಲ್ಲಿ ಈಗ ಮಕ್ಕಳಿಗೆ ಬಣ್ಣ ಬಂದಿದೆ. ಪರೀಕ್ಷೆ ಮುಗಿದು ಗ್ರೇಡುಗಳನ್ನು ಲ್ಯಾಪ್‌ಟಾಪಿಗೆ ತುಂಬಿಸಿದ ಕೂಡಲೇ ಅದು ತಾನಾಗಿಯೇ ಹೆಸರುಗಳಿಗೆ ಹಸಿರು, ಹಳದಿ, ಕೆಂಪು ಬಳಿದುಕೊಡುತ್ತದೆ. ಮೊನ್ನೆ ಮಧ್ಯಾಹ್ನ, ತಟ್ಟೆ ತೊಳೆಯುವ ನಲ್ಲಿಯ ಹತ್ತಿರ ಮಕ್ಕಳ ಗಲಾಟೆ ಇನ್ನೂ ಅಡಗಿರದ ಹೊತ್ತಿನಲ್ಲಿ, ಈ ವರ್ಷ ಹೊಸದಾಗಿ ಸೇರಿದ ಶ್ರುತಿ ಟೀಚರ್ ಆ ಪರದೆಯನ್ನು ನನ್ನ ಕಡೆಗೆ ತಿರುಗಿಸಿದರು.

"ಟೀಚರೇ, ಈ ಕೆಂಪಿನವರನ್ನು ಎಂತ ಮಾಡುವ?"

ಕೇಳಿದ್ದರಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಕಲಿಕೆಯ ತೊಂದರೆ ಇರುವ ಮಕ್ಕಳ ಪಟ್ಟಿ ವಾರದ ಕೊನೆಯೊಳಗೆ ಆಫೀಸಿಗೆ ಹೋಗಬೇಕಿತ್ತು. ಅವರ ತರಗತಿಯಲ್ಲಿ ಎಲ್ಲ ವಿಷಯಗಳಲ್ಲೂ ಕೆಂಪಾಗಿ ನಿಂತವನು ಜಿತೇಶ ಎಂಬ ಹುಡುಗ ಒಬ್ಬನೇ. ನಾನು ಉತ್ತರ ಕೊಡುವ ಬದಲು ಬಾಟಲಿ ತೆಗೆದು ನೀರು ಕುಡಿದೆ. ಉತ್ತರ ಗೊತ್ತಿಲ್ಲದಾಗ ನೀರು ಕುಡಿಯುವುದು ನನ್ನ ಹಳೆಯ ಅಭ್ಯಾಸ. ನನ್ನ ಆರೋಗ್ಯ ಇಷ್ಟು ಚೆನ್ನಾಗಿರುವುದಕ್ಕೆ ಅದೇ ಕಾರಣ ಇದ್ದರೂ ಇರಬಹುದು. ಹಾಗೆ ಕುಡಿಯುತ್ತಿದ್ದಾಗ, ಬಹಳ ದಿನಗಳ ಮೇಲೆ, ದೇವಕಿ ಟೀಚರ್ ನೆನಪಾದರು.

ದೇವಕಿ ಟೀಚರ್ ನಾನು ಮೊದಲು ಕೆಲಸಕ್ಕೆ ಸೇರಿದ ಶಾಲೆಯ ಹೆಡ್ ಮಿಸ್ಟ್ರೆಸ್. ಮುಳ್ಳೇರಿಯದಲ್ಲಿ ಬಸ್ಸು ಇಳಿದು, ಬೆಳ್ಳೂರಿನ ಕಡೆಗೆ ಹೋಗುವ ಇನ್ನೊಂದು ಬಸ್ಸು ಹಿಡಿದು, ಅಲ್ಲಿಂದ ಸ್ವಲ್ಪ ನಡೆದರೆ ಆ ಕನ್ನಡ ಶಾಲೆ. ಎಂ.ಎಸ್ಸಿ. ಗಣಿತ, ಅದರ ಮೇಲೆ ಬಿ.ಎಡ್. ಮುಗಿಸಿ ದಿನಗೂಲಿಯ ಟೀಚರಾಗಿ ಅಲ್ಲಿಗೆ ಹೋದ ನಾನು ಐದನೆಯ ತರಗತಿಗೆ ಗಣಿತ ಮತ್ತು ವಿಜ್ಞಾನ ಹೇಳಬೇಕಿತ್ತು. ಸಮಾಜ ಪಾಠ ಸ್ವತಃ ದೇವಕಿ ಟೀಚರದ್ದು. ಅವರು ಕಳಿಂಗ ಯುದ್ಧ ಹೇಳಲು ಶುರುಮಾಡಿದರೆ ರಸ್ತೆಯ ಆಚೆ ರೇಷನ್ ಅಂಗಡಿಯಲ್ಲಿ ಸಾಲು ನಿಂತವರಿಗೂ ಅಶೋಕ ಯಾಕೆ ಮನಸ್ಸು ಬದಲಿಸಿದ ಎಂದು ಗೊತ್ತಾಗುತ್ತಿತ್ತು. ಅಂಥ ಸ್ವರ.

ನನ್ನ ಸ್ವರದ ಬಗ್ಗೆ ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ಬಸ್ಸಿನಲ್ಲಿ ಕಂಡಕ್ಟರ್ ಎರಡು ಸಲ "ಎಲ್ಲಿಗೆ?" ಎಂದು ಕೇಳುತ್ತಾನೆ. ಮೂರನೆಯ ಸಲಕ್ಕೆ ಹಿಂದಿನ ಸೀಟಿನವರು ಯಾರಾದರೂ ಕನಿಕರಪಟ್ಟು ನನ್ನ ಪರವಾಗಿ ಹೇಳುತ್ತಾರೆ. ಕಾಲೇಜಿನಲ್ಲಿ ಮೌಖಿಕ ಪರೀಕ್ಷೆಗೆ ಬಂದ ಪ್ರೊಫೆಸರರು ನನ್ನ ಉತ್ತರ ಕೇಳಿಸಿಕೊಳ್ಳಲು ಮೇಜಿನ ಮೇಲೆ ಎಷ್ಟು ಬಾಗಿದ್ದರೆಂದರೆ, ಅವರ ಕನ್ನಡಕ ಜಾರಿ ನನ್ನ ರೆಕಾರ್ಡಿನ ಮೇಲೆ ಬಿತ್ತು. ಇಂಥವಳು ಟೀಚರಾಗುವುದೇ ಎಂದು ನೀವು ಕೇಳಿದರೆ, ನಮ್ಮ ಮನೆಯಲ್ಲಿಯೂ ಅದನ್ನೇ ಕೇಳಿದ್ದರು. ಆದರೆ ಮಕ್ಕಳು ನನ್ನ ಪಾಠದಲ್ಲಿ ಗಲಾಟೆ ಮಾಡುತ್ತಿರಲಿಲ್ಲ. ಮಾತು ಕೇಳಬೇಕಾದರೆ ಸುಮ್ಮನಿರಬೇಕು ಎಂಬುದು ಅವರಿಗೆ ಬೇಗನೆ ಅಭ್ಯಾಸವಾಗಿತ್ತು. ಅದನ್ನು ನಾನು ಶಿಸ್ತು ಎಂದು ತಿಳಿದು ಒಳಗೊಳಗೇ ಹೆಮ್ಮೆಪಡುತ್ತಿದ್ದೆ.

ಶಾಲೆಯ ಕಟ್ಟಡದ ವಿಷಯ ಇಲ್ಲಿಯೇ ಹೇಳಿಬಿಡುತ್ತೇನೆ. ಮೂಲ ಕಟ್ಟಡ ಹಂಚಿನದ್ದು, ಉದ್ದದ ಒಂದೇ ಹಾಲ್. ತರಗತಿಗಳ ನಡುವೆ ಗೋಡೆ ಇರಲಿಲ್ಲ, ಮರದ ಅಡ್ಡ ತಟ್ಟಿಗಳಿದ್ದವು. ಮಕ್ಕಳು ಹೆಚ್ಚಾದ ಯಾವುದೋ ಕಾಲದಲ್ಲಿ ಪಿ.ಟಿ.ಎ.ಯವರು ಕೊನೆಯ ಗೋಡೆ ಒಡೆದು, ಹಾಲನ್ನು ಒಂದಷ್ಟು ಉದ್ದ ಮಾಡಿ, ಅದರ ಮೇಲೆ ತಗಡಿನ ಶೀಟು ಹಾಕಿಸಿದ್ದರು. ಐದನೆಯ ತರಗತಿ ಇದ್ದದ್ದು ಸರಿಯಾಗಿ ಆ ಜೋಡಣೆಯ ಜಾಗದಲ್ಲಿ. ಬೋರ್ಡು, ಮೇಜು ಮತ್ತು ಮುಂದಿನ ಬೆಂಚುಗಳು ಹಂಚಿನ ಕೆಳಗೆ. ಹಿಂದಿನ ಎರಡು ಬೆಂಚುಗಳು ಶೀಟಿನ ಕೆಳಗೆ. ಬೇಸಿಗೆಯಲ್ಲಿ ಹಿಂದಿನವರು ಬೆವರುತ್ತಾರೆ ಎಂಬುದನ್ನು ಬಿಟ್ಟರೆ ಆ ವ್ಯತ್ಯಾಸವನ್ನು ಯಾರೂ ಯೋಚಿಸಿದವರಲ್ಲ.

ದೇವಕಿ ಟೀಚರಿಗೆ ಒಂದು ಪದ್ಧತಿ ಇತ್ತು. ನಾನು ಆಮೇಲೆ ಕೆಲಸ ಮಾಡಿದ ಯಾವ ಶಾಲೆಯಲ್ಲಿಯೂ ಅದನ್ನು ಕಂಡಿಲ್ಲ. ತಿದ್ದಿದ ಉತ್ತರ ಪತ್ರಿಕೆಗಳನ್ನು ಹೆಸರು ಕರೆದು ಕೊಡುವುದು ಅವರ ಶಾಲೆಯಲ್ಲಿ ಇರಲಿಲ್ಲ. ಬೆಳಿಗ್ಗೆ ಬೆಲ್ಲಾಗುವ ಮೊದಲೇ ಟೀಚರ್ ತರಗತಿಗೆ ಹೋಗಿ, ಅವರವರ ಪತ್ರಿಕೆಯನ್ನು ಅವರವರ ಜಾಗದಲ್ಲಿ ಬೆಂಚಿನ ಮೇಲೆ ಇಡಬೇಕು. ಮುಚ್ಚಿಯೂ ಅಲ್ಲ, ಯಾವ ಪುಟದಲ್ಲಿ ತಪ್ಪು ಹೆಚ್ಚು ಉಂಟೋ ಆ ಪುಟ ತೆರೆದು, ಅದರ ಮೇಲೆ ಒಂದು ಸೀಮೆಸುಣ್ಣದ ತುಂಡು ಇಟ್ಟು ಬರಬೇಕು. ಮಗು ಬಂದು ಕುಳಿತಾಗ ಮೊದಲು ಕಾಣಬೇಕಾದದ್ದು ಆ ಪುಟ, ಗ್ರೇಡು ಅಲ್ಲ.

"ಮೊದಲ ಪುಟದಲ್ಲೇ ಗ್ರೇಡು ಕಂಡರೆ ಮುಗಿಯಿತು ಮಾರಾಯ್ರೆ," ಎನ್ನುತ್ತಿದ್ದರು. "ಸಿನೆಮಾದ ಕೊನೆಯನ್ನು ಗೇಟಿನಲ್ಲೇ ಹೇಳಿದ ಹಾಗೆ. ಮತ್ತೆ ಒಳಗೆ ಯಾರು ಹೋಗ್ತಾರೆ?"

ಇದೊಂದು ಹಳೆಯ ಕಾಲದವರ ಸೊಗಸು ಎಂದುಕೊಂಡು ನಾನು ಒಪ್ಪಿಕೊಂಡೆ. ಬಿ.ಎಡ್.ನಲ್ಲಿ ಮೌಲ್ಯಮಾಪನದ ಬಗ್ಗೆ ದಪ್ಪ ಪುಸ್ತಕವನ್ನೇ ಓದಿ ಬಂದವಳು ನಾನು. ಅದರಲ್ಲಿ ಸೀಮೆಸುಣ್ಣದ ವಿಷಯ ಎಲ್ಲಿಯೂ ಬಂದಿರಲಿಲ್ಲ.

ಆ ವರ್ಷ ಜೂನಿನಲ್ಲಿ ರಂಸೀನಾ ಎಂಬ ಹುಡುಗಿ ಐದನೆಗೆ ಸೇರಿದಳು. ನಾಲ್ಕರವರೆಗೆ ಬೇರೆ ಸಣ್ಣ ಶಾಲೆಯಲ್ಲಿ ಓದಿದವಳು, ಸೇರುವಾಗ ಒಂದೆರಡು ವಾರ ತಡವಾಗಿತ್ತು. ತಡವಾಗಿ ಬಂದವರಿಗೆ ಎಲ್ಲಿ ಜಾಗ ಸಿಗುತ್ತದೆಯೋ ಅಲ್ಲಿಯೇ, ಎಲ್ಲಕ್ಕಿಂತ ಹಿಂದೆ, ಕಿಟಕಿಯ ಬದಿಯಲ್ಲಿ ಕುಳಿತಳು. ಮನೆಮಾತು ಬ್ಯಾರಿ. ಕನ್ನಡ ಚೆನ್ನಾಗಿಯೇ ಬರುತ್ತಿತ್ತು, ಆದರೆ ಮಾತು ಕಡಿಮೆ. ಮಾತು ಕಡಿಮೆ ಇರುವವರ ಮೇಲೆ ನನಗೆ ಸ್ವಾಭಾವಿಕವಾದ ಪಕ್ಷಪಾತ ಉಂಟು. ನನ್ನನ್ನು ನೋಡಿಯೇ ಇರುವ ಅವಳ ಕಣ್ಣುಗಳನ್ನು ಕಂಡು, ಇವಳಿಗೆ ಎಲ್ಲ ಅರ್ಥವಾಗುತ್ತಿದೆ ಎಂದು ನಾನು ನಿರ್ಧರಿಸಿದ್ದೆ.

ವರ್ಷದ ಮೊದಲ ಪರೀಕ್ಷೆಯಾದ ಓಣಂ ಪರೀಕ್ಷೆಯಲ್ಲಿ ಅವಳ ಗಣಿತ ಮತ್ತು ವಿಜ್ಞಾನ ತರಗತಿಯಲ್ಲೇ ಕಡಿಮೆ. ಕಡಿಮೆ ಎಂದರೆ, ಭಾಗಾಕಾರದ ಲೆಕ್ಕಗಳ ಜಾಗದಲ್ಲಿ ಅವಳು ಪ್ರಶ್ನೆಯ ಸಂಖ್ಯೆಗಳನ್ನೇ ಅಂದವಾಗಿ ಪುನಃ ಬರೆದಿದ್ದಳು. ಆಗಲೂ ಇಂಥದ್ದೇ ಒಂದು ಪಟ್ಟಿ ಹೋಗಬೇಕಿತ್ತು. ಪಟ್ಟಿಗೆ ಹೋದ ಮಕ್ಕಳನ್ನು ಒಂದು ಕ್ಯಾಂಪಿಗೆ ಕರೆದು, ಡಾಕ್ಟರರು ನೋಡಿ, ಬೇಕಾದವರಿಗೆ ವಿಶೇಷ ಸಹಾಯ ಏರ್ಪಡಿಸುತ್ತಾರೆ. ಒಳ್ಳೆಯ ಏರ್ಪಾಡು, ನಮ್ಮ ಶಾಲೆಯಲ್ಲಿಯೇ ಎಷ್ಟೋ ಮಕ್ಕಳಿಗೆ ಅದರಿಂದ ಉಪಕಾರವಾಗಿದೆ. ಆದ್ದರಿಂದ ರಂಸೀನಾಳ ಹೆಸರು ಅದರಲ್ಲಿ ಇರಬೇಕು ಎಂದು ನಾನು ಹೇಳಿದ್ದು ಸದುದ್ದೇಶದಿಂದಲೇ.

"ನನ್ನ ಪೇಪರಿನಲ್ಲಿ ಅವಳಿಗೆ ಎ ಉಂಟಲ್ಲ?" ಎಂದು ದೇವಕಿ ಟೀಚರ್ ಹುಬ್ಬೇರಿಸಿದರು.

"ಸಮಾಜ ಬಾಯಿಪಾಠದಲ್ಲಿ ಆಗುತ್ತದೆ ಟೀಚರ್," ಎಂದೆ.

"ಓಹೋ," ಎಂದರು ಅವರು. "ಹಾಗಾದರೆ ನಾನು ಇಷ್ಟು ವರ್ಷ ಬಾಯಿಪಾಠ ಮಾಡಿಸಿದ್ದು. ಆಗಲಿ, ಮೊದಲು ಅವಳ ತಾಯಿಯನ್ನು ಕರೆಸಿ."

ತಾಯಿ ಸುಹರಾ ಮರುದಿನವೇ ಬಂದರು. ಮನೆಯಲ್ಲಿ ಬಟ್ಟೆ ಹೊಲಿಯುವವರು. ದುಪಟ್ಟಾದ ಅಂಚಿನಲ್ಲಿ ಎರಡು ಸೂಜಿ ಚುಚ್ಚಿಕೊಂಡಿದ್ದದ್ದು ಹಾಗೆಯೇ ಇತ್ತು. ಪಟ್ಟಿಯ ಸುದ್ದಿ ಹಿಂದಿನ ದಿನವೇ ಅವರ ಮನೆ ಮುಟ್ಟಿತ್ತು, ಆದರೂ ನಾನು ವಿಷಯ ಹೇಳಿದೆ. ಅವರು ಎರಡು ಸಲ "ಆಂ?" ಎಂದರು, ಎರಡು ಸಲವೂ ನಾನು ಮೊದಲಿನಿಂದ ಹೇಳಿದೆ.

"ಟೀಚರೇ, ಮನೆಯಲ್ಲಿ ಇವಳು ಹೀಗೆ ಅಲ್ಲ. ಒಂದು ಬಟ್ಟೆಯಲ್ಲಿ ಎಷ್ಟು ಬ್ಲೌಸು ಬರ್ತದೆ, ಎಷ್ಟು ಉಳೀತದೆ ಅಂತ ನಾನು ಟೇಪು ತೆಗೆಯುವ ಮೊದಲೇ ಹೇಳ್ತಾಳೆ. ಶಾಲೆಗೆ ಬಂದರೆ ಇವಳಿಗೆ ಎಂತ ಆಗುವುದು?"

"ಪಟ್ಟಿಗೆ ಹಾಕುವುದು ಅವಳ ಒಳ್ಳೆಯದಕ್ಕೇ," ಎಂದೆ.

"ಒಳ್ಳೆಯದಕ್ಕೇ ಇರಬಹುದು. ಅದು ನನ್ನ ಗಂಡ, ಇವಳ ಉಪ್ಪನಿಗೆ, ತಲೆಗೆ ಹೋಗುವುದಿಲ್ಲ. ದುಬೈಯಲ್ಲಿ ಕೂತು ಫೋನಿನಲ್ಲೇ ತೀರ್ಮಾನ ಮಾಡಿ ಆಯ್ತು. ಹೆಸರು ಹೋದರೆ ಇಲ್ಲಿಂದ ಬಿಡಿಸಿ, ನನ್ನ ತವರಿನ, ಉಮ್ಮನ ಮನೆಯ ಹತ್ತಿರದ ಶಾಲೆಯಲ್ಲಿ ಒಂದು ಕ್ಲಾಸು ಕೆಳಗೆ ಕೂರಿಸುವುದಂತೆ. ಇವಳು ನಿನ್ನೆಯಿಂದ ಅನ್ನ ಮುಟ್ಟಲಿಲ್ಲ."

ರಂಸೀನಾ ತಾಯಿಯ ಕೊಡೆಯ ಹಿಡಿಯನ್ನು ಉಗುರಿನಿಂದ ಕೆರೆಯುತ್ತ ನಿಂತಿದ್ದಳು. ನನ್ನ ಬಳಿ ಆಗ ನೀರಿನ ಬಾಟಲಿಯೂ ಇರಲಿಲ್ಲ. ಶುಕ್ರವಾರದೊಳಗೆ ತಿಳಿಸುತ್ತೇನೆ ಎಂದು ಹೇಳಿ ಕಳುಹಿಸಿದೆ.

ಮರುದಿನ ಬೆಳಿಗ್ಗೆ ಪತ್ರಿಕೆಗಳನ್ನು ಬೆಂಚಿನ ಮೇಲೆ ಇಡಲು ಹೋದೆ. ಆ ದಿನ ಬಸ್ಸು ತಡವಾಗಿ ಬಂದದ್ದರಿಂದ ದೇವಕಿ ಟೀಚರೂ ಕೈಜೋಡಿಸಿದರು. ನಾನು ಮುಂದಿನಿಂದ, ಅವರು ಹಿಂದಿನಿಂದ. ನಾನು ಒಂದೊಂದು ಪತ್ರಿಕೆಯನ್ನೂ ತಿರುವಿ, ತಪ್ಪಿನ ಪುಟ ಹುಡುಕಿ, ತೆರೆದು ಇಡುತ್ತಿದ್ದೆ. ಒಬ್ಬನದ್ದು ದೊಡ್ಡ ಸಂಖ್ಯೆಗಳಲ್ಲಿ, ಇನ್ನೊಬ್ಬಳದ್ದು ಕೋನಗಳಲ್ಲಿ, ಮತ್ತೊಬ್ಬನದ್ದು ಹೇಳುವಂಥ ತಪ್ಪೇ ಇಲ್ಲ. ನನ್ನ ಒಂದು ಬೆಂಚು ಮುಗಿಯುವಷ್ಟರಲ್ಲಿ ದೇವಕಿ ಟೀಚರ್ ತಮ್ಮ ಎರಡನ್ನೂ ಮುಗಿಸಿ ಸೊಂಟಕ್ಕೆ ಕೈಯಿಟ್ಟು ನಿಂತಿದ್ದರು.

"ನಿಮ್ಮದು ಇಷ್ಟು ಬೇಗ ಹೇಗೆ ಆಯ್ತು?" ಎಂದೆ.

"ಹುಡುಕಲಿಕ್ಕೆ ಎಂತ ಉಂಟು? ಎಲ್ಲರದ್ದೂ ಭಾಗಾಕಾರ."

ಹೇಳಿದ ಮೇಲೆ ಅವರಿಗೇ ತಾವು ಹೇಳಿದ್ದು ಕೇಳಿಸಿದಂತಾಯಿತು. ಉಳಿದ ಬೆಂಚುಗಳನ್ನೂ ಮುಗಿಸಿ, ಇಬ್ಬರೂ ಬಾಗಿಲ ಹತ್ತಿರ ಬಂದು ನಿಂತು ನೋಡಿದೆವು. ಹಂಚಿನ ಕೆಳಗೆ ಒಂದೊಂದು ಪತ್ರಿಕೆ ಒಂದೊಂದು ಕಡೆ ತೆರೆದಿತ್ತು. ಶೀಟಿನ ಕೆಳಗೆ, ಎರಡನ್ನು ಬಿಟ್ಟರೆ, ಸಾಲಾಗಿ ಒಂದೇ ಪುಟ. ನಾನು ಅವೇ ಪತ್ರಿಕೆಗಳನ್ನು ಹೆಸರಿನ ಅಕ್ಷರಕ್ರಮದಲ್ಲಿ ಜೋಡಿಸಿ ತಿದ್ದಿದ್ದೆ; ರಿಜಿಸ್ಟರಿನಲ್ಲಿ ಹುಡುಗರದ್ದು ಬೇರೆ, ಹುಡುಗಿಯರದ್ದು ಬೇರೆ ಏರಿಸಿದ್ದೆ. ಮಕ್ಕಳು ಎಲ್ಲಿ ಕೂರುತ್ತಾರೋ ಅಲ್ಲಿಟ್ಟು ನೋಡಿದ್ದು ಅದೇ ಮೊದಲು.

"ಇಬ್ಬರದ್ದು ಮಾತ್ರ ಇಲ್ಲಿ ಸರಿ ಉಂಟು," ಎಂದು ನಾನು ಬೆರಳು ತೋರಿಸಿದೆ.

"ಅವರಿಬ್ಬರೂ ಮುಳ್ಳೇರಿಯಕ್ಕೆ ಟ್ಯೂಷನಿಗೆ ಹೋಗುವವರು," ಎಂದರು ದೇವಕಿ ಟೀಚರ್. ಆಮೇಲೆ, "ಭಾಗಾಕಾರ ಯಾವಾಗ ಮಾಡಿದ್ದು ನೀವು?" ಎಂದು ಕೇಳಿದರು.

"ಜುಲೈಯಲ್ಲಿ."

ಅವರು ತಲೆಯೆತ್ತಿ ಶೀಟನ್ನು ನೋಡಿದರು. ನಾನೂ ನೋಡಿದೆ.

ನಮ್ಮ ಕಡೆಯ ಜುಲೈ ತಿಂಗಳ ಮಳೆ ಶೀಟಿನ ಮೇಲೆ ಬಿದ್ದರೆ ಹೇಗಿರುತ್ತದೆ ಎಂದು ನಿಮಗೆ ಹೇಳಬೇಕಾಗಿಲ್ಲ. ಆ ಶಾಲೆಯ ಟೀಚರುಗಳಿಗೆಲ್ಲ ಒಂದು ರೂಢಿ ಇತ್ತು: ಮಳೆ ಜೋರಾದರೆ ಬಾಯಿ ಮುಚ್ಚಿ ಬೋರ್ಡಿನಲ್ಲಿ ಬರೆಯಲು ಶುರುಮಾಡುವುದು. ಮಕ್ಕಳು ನೋಡಿ ಬರೆದುಕೊಳ್ಳುವರು. ಮಳೆ ನಿಂತ ಮೇಲೆ ಅದನ್ನೇ ಬಾಯಲ್ಲಿ ವಿವರಿಸುವುದು. ಕಾಂಕ್ರೀಟಿನ ಕಾಲೇಜುಗಳಿಂದ ಬಂದ ನನಗೆ ಅದು ಗೊತ್ತಿರಲಿಲ್ಲ. ಎಲ್ಲರಿಗೂ ಗೊತ್ತಿರುವ ಸಂಗತಿಯನ್ನು ಹೊಸಬರಿಗೆ ಹೇಳಬೇಕು ಎಂದು ಯಾರಿಗೂ ತೋಚಿರಲಿಲ್ಲ. ನಾನು ಹಂಚಿನ ಕೆಳಗೆ ನಿಂತು, ನನ್ನ ಕಿವಿಗೆ ನನ್ನ ಮಾತು ಕೇಳುತ್ತಿದ್ದ ಕಾರಣ, ಭಾಗಾಕಾರವನ್ನು ತಾಳ್ಮೆಯಿಂದ, ಸಾವಕಾಶವಾಗಿ, ಮಳೆಗೆ ವಿವರಿಸಿದ್ದೆ.

"ನಿಮಗೆ ಯಾರೂ ಹೇಳಲಿಲ್ಲವಾ?" ಎಂದರು ದೇವಕಿ ಟೀಚರ್. ಆಮೇಲೆ ತಾವೇ, "ಯಾರು ಹೇಳಬೇಕಿತ್ತು, ನಾನೇ ಅಲ್ಲವಾ," ಎಂದು ನಕ್ಕರು.

ಬೆಲ್ಲಾಗಿ ಮಕ್ಕಳು ಬಂದ ಮೇಲೆ ರಂಸೀನಾಳನ್ನು ಹತ್ತಿರ ಕರೆದು, ಕೇಳಿಸದಿದ್ದರೆ ಹೇಳಬಾರದಿತ್ತೇ ಎಂದು ಕೇಳಿದೆ.

"ನೀವು ಮುಂದಿನವರಿಗೆ ಹೇಳುವುದು ಅಂತ ಗ್ರಹಿಸಿದೆ ಟೀಚರ್," ಎಂದಳು. "ಮಳೆ ನಿಂತ ಮೇಲೆ ನಮಗೆ ಹೇಳ್ತೀರಿ ಅಂತ."

ಅವಳ ಹಳೆಯ ಶಾಲೆಯಲ್ಲಿಯೂ ಅದೇ ರೂಢಿಯಂತೆ. ಮಳೆ ನಿಲ್ಲುವುದನ್ನೇ ಕಾಯುತ್ತ, ನನ್ನ ತುಟಿಗಳನ್ನು ನೋಡುತ್ತ ಅವಳು ಜುಲೈ ಇಡೀ ಕಳೆದಿದ್ದಳು.

ಇಷ್ಟಾದರೂ ಇದು ನಮ್ಮ ಊಹೆ ಮಾತ್ರ. ಪತ್ರಿಕೆಗಳು ಒಂದು ಸಾಲಿನಲ್ಲಿ ಕೆಂಪಾಗಿದ್ದಕ್ಕೆ ಬೇರೆ ಕಾರಣವೂ ಇರಬಹುದು. ಆ ಹುಡುಗಿಗೆ ನಿಜವಾಗಿಯೂ ಸಹಾಯ ಬೇಕಾಗಿದ್ದರೆ ಪಟ್ಟಿ ತಪ್ಪಿಸುವುದು ಅವಳಿಗೇ ಅನ್ಯಾಯ. ಈ ಮಾತನ್ನು ನಾನು ಹೇಳಿದೆ. ದೇವಕಿ ಟೀಚರ್ ಒಪ್ಪಿದರು. ಶುಕ್ರವಾರದವರೆಗೆ ದಿನವೂ ಮೊದಲ ಪೀರಿಯಡಿನಲ್ಲಿ ಆ ಎರಡು ಬೆಂಚುಗಳನ್ನು ಬೋರ್ಡಿನ ಹತ್ತಿರ ಎಳೆದು ಭಾಗಾಕಾರವನ್ನು ಹೊಸದಾಗಿ ಮಾಡುವುದು, ಶುಕ್ರವಾರ ಮಧ್ಯಾಹ್ನ ಬೇರೆ ಸಂಖ್ಯೆಗಳಿಟ್ಟು ಅಂಥದ್ದೇ ಲೆಕ್ಕ ಕೊಡುವುದು, ಬಂದ ಉತ್ತರ ನೋಡಿ ಪಟ್ಟಿಯ ವಿಷಯ ತೀರ್ಮಾನಿಸುವುದು ಎಂದಾಯಿತು. ಲೆಕ್ಕಗಳನ್ನು ಅವರೇ ಹಾಕಿದರು. ನಾನು ಹಾಕಿದರೆ ಸುಲಭ ಮಾಡಿಬಿಡುವೆನೆಂದು ಇಬ್ಬರಿಗೂ ಗೊತ್ತಿತ್ತು.

ಶುಕ್ರವಾರ ಮಧ್ಯಾಹ್ನ ಮಕ್ಕಳು ಪೆನ್ಸಿಲ್ ತೆಗೆಯುವುದಕ್ಕೂ ಮಳೆ ಸುರಿಯುವುದಕ್ಕೂ ಸರಿಹೋಯಿತು. ನಾನು ಗಾಬರಿಯಿಂದ ದೇವಕಿ ಟೀಚರನ್ನು ನೋಡಿದೆ. ಅವರು ಅಷ್ಟು ದೂರದಿಂದ, ಆ ಸದ್ದನ್ನೂ ಮೀರಿ, "ಬರಲಿ ಬಿಡಿ, ಬರೆಯಲಿಕ್ಕೆ ಕಿವಿ ಬೇಡ" ಎಂದರು.

ಸುಹರಾ ಹೇಳದೆಯೇ ಬಂದು ಎದುರಿನ ಅಡುಗೆ ಕೋಣೆಯ ಜಗಲಿಯಲ್ಲಿ ನಿಂತಿದ್ದರು. ನಮ್ಮ ನಡುವೆ ಅಂಗಳ, ಅಂಗಳದ ತುಂಬ ಮಳೆ. ನಾನು ಸ್ಟಾಫ್ ರೂಮಿನಲ್ಲಿ ರಂಸೀನಾಳ ಪತ್ರಿಕೆಯನ್ನೇ ಮೊದಲು ತೆಗೆದೆ. ಮೊದಲ ಲೆಕ್ಕ ತಪ್ಪು. ಶೇಷ ಭಾಜಕಕ್ಕಿಂತ ದೊಡ್ಡದು. ಆ ಕ್ಷಣ ನನಗೆ ಕಂಡದ್ದು ಲೆಕ್ಕ ಅಲ್ಲ. ಹೊಸ ಶಾಲೆಯಲ್ಲಿ ಒಂದು ತರಗತಿ ಕೆಳಗೆ, ತನಗಿಂತ ಚಿಕ್ಕವರ ನಡುವೆ, ಪುನಃ ಹಿಂದಿನ ಬೆಂಚಿನಲ್ಲಿ ಕುಳಿತ ಅವಳು. ಎರಡನೆಯದನ್ನು ನೋಡುವ ಮೊದಲು ಪತ್ರಿಕೆಯನ್ನು ಕೆಳಗಿಟ್ಟು, ಪುನಃ ತೆಗೆದೆ. ಎರಡನೆಯದು ಸರಿ. ಮೂರನೆಯದೂ. ನಾಲ್ಕನೆಯದರಲ್ಲಿ ಮೊದಲು ತಪ್ಪಿ, ಅಡ್ಡಗೆರೆ ಎಳೆದು, ಬದಿಯಲ್ಲಿ ಸರಿಮಾಡಿದ್ದಳು. ಉಳಿದವೆಲ್ಲ ಸರಿ. ಕೊನೆಗೆ, ಸಮಯ ಉಳಿದಿತ್ತೋ ಏನೋ, ಮೊದಲ ಲೆಕ್ಕಕ್ಕೆ ಹಿಂತಿರುಗಿ ಅದನ್ನೂ ಹಾಳೆಯ ಅಡಿಯಲ್ಲಿ ಪುನಃ ಮಾಡಿದ್ದಳು. ಅದೂ ಸರಿ.

ನಾನು ಪತ್ರಿಕೆ ಹಿಡಿದುಕೊಂಡೇ ಜಗಲಿಗೆ ಬಂದೆ. ಸುಹರಾ ಆಚೆಯಿಂದ ನನ್ನ ಮುಖ ನೋಡಿದರು. "ಸರಿ ಉಂಟು," ಎಂದೆ. ಅವರು ಕಿವಿಗೆ ಕೈಯಿಟ್ಟರು. ಪುನಃ ಹೇಳಿದೆ. ಅವರು ತಲೆಯಲ್ಲಾಡಿಸಿದರು, ಅವರ ಮುಖ ಇಳಿಯಿತು. ಮಾತು ಕೇಳಿಸದೆ, ಕೆಟ್ಟ ಸುದ್ದಿಯೇ ಎಂದು ತಿಳಿದರೋ ಏನೋ. ಆಗ ನನ್ನ ಗಂಟಲಿನಿಂದ ನಾನು ಹಿಂದೆಂದೂ ಕೇಳಿರದ ಒಂದು ಸ್ವರ ಹೊರಟಿತು.

"ಎಲ್ಲ ಸರಿ ಉಂಟು! ಹೆಸರು ಹೋಗುವುದಿಲ್ಲ!"

ಐದನೆಯ ತರಗತಿಯ ಮಕ್ಕಳೆಲ್ಲ ಕಿಟಕಿಗೆ ಬಂದರು. ಸುಹರಾ ದುಪಟ್ಟಾದ ತುದಿಯಿಂದ ಮುಖ ಮುಚ್ಚಿಕೊಂಡು ಅಲ್ಲಿಯೇ ಗೋಡೆಗೆ ಒರಗಿದರು. ನನ್ನ ಹಿಂದಿನಿಂದ ದೇವಕಿ ಟೀಚರ್, "ಅಯ್ಯೋ, ಟೀಚರಿಗೆ ಸ್ವರ ಉಂಟು ಮಾರಾಯ್ರೆ," ಎಂದರು. "ಜುಲೈಯಲ್ಲಿ ಎಲ್ಲಿಟ್ಟಿದ್ದಿರಿ ಇದನ್ನು?"

ಆ ಸಂಜೆ ಬಸ್ಸಿನಲ್ಲಿ ನಾನು ಕಿಟಕಿಗೆ ತಲೆಯಾನಿಸಿ ಗಾಢವಾಗಿ ನಿದ್ದೆಹೋದೆ. ಇಳಿಯುವ ಜಾಗ ದಾಟಿ ಎಡನೀರಿನಲ್ಲಿ ಎಚ್ಚರವಾಯಿತು. ಪರೀಕ್ಷೆ ಬರೆದದ್ದು ಅವಳಾದರೂ ಪಾಸಾದ ಆಯಾಸ ನನಗೆ.

ಆಮೇಲೆ ಕೆಲವು ಬದಲಾವಣೆಗಳು ಬಂದವು. ವಾರಕ್ಕೊಮ್ಮೆ ಬೆಂಚುಗಳು ಮುಂದಕ್ಕೆ ಸರಿಯುವಂತಾಯಿತು. ಹೊಸ ಪಾಠ ಶುರುಮಾಡುವ ದಿನ ಮಳೆ ಬಂದರೆ ಹಳೆಯ ಲೆಕ್ಕ ಬರೆಸುವುದು, ಹೊಸದನ್ನು ಮರುದಿನಕ್ಕೆ ಇಡುವುದು ಎಂದಾಯಿತು. ಗಣಿತದಲ್ಲಿ ಹಿಂದುಳಿದವರಿಗೆಂದು ವರ್ಷವಿಡೀ ಸಂಜೆ ನಡೆಸುವುದೆಂದು ಟೀಚರುಗಳ ಮೀಟಿಂಗಿನಲ್ಲಿ ಮೊದಲೇ ಒಪ್ಪಿದ್ದ ವಿಶೇಷ ತರಗತಿಯನ್ನು ಜುಲೈಯ ಪಾಠಗಳಿಗೆ ಮಾತ್ರ, ಶೀಟಿನಡಿಯವರಿಗೆ ಮಾತ್ರ ಇಟ್ಟು, ಬೇಗನೆ ಮುಗಿಸಿದೆವು. ಅದೇ ಬೆಂಚಿನ ಇನ್ನೊಬ್ಬ ಹುಡುಗನಿಗೆ ಎರಡನೆಯ ಸಲವೂ ಲೆಕ್ಕ ಹತ್ತಲಿಲ್ಲ. ಅವನ ತಂದೆತಾಯಿಯನ್ನು ಕೂರಿಸಿ ಮಾತಾಡಿ, ಅವನ ಹೆಸರನ್ನು ಕಳುಹಿಸಿದೆವು. ಅವನಿಗೆ ಸಹಾಯ ಸಿಕ್ಕಿತು. ಅದೂ ನನಗೆ ಅಷ್ಟೇ ಸಮಾಧಾನ ಕೊಟ್ಟಿತು.

ಮರುವರ್ಷ ನನಗೆ ಬೇರೆ ಶಾಲೆಯಲ್ಲಿ ಕಾಯಂ ಕೆಲಸವಾಯಿತು. ಈಗಿನ ಈ ಶಾಲೆ ಕಾಂಕ್ರೀಟಿನದ್ದು. ಎಷ್ಟು ಮಳೆ ಬಂದರೂ ಕಿಟಕಿ ನೋಡಿಯೇ ತಿಳಿಯಬೇಕು.

ಮೊನ್ನೆ ನೀರು ಕುಡಿದಾದ ಮೇಲೆ ಶ್ರುತಿ ಟೀಚರಿಗೆ ಇದನ್ನೆಲ್ಲ ಚಿಕ್ಕದಾಗಿ ಹೇಳಿದೆ. ಅವರಿಗೆ ಉತ್ಸಾಹ ಬಂತು. ಸಂಜೆ ಇಬ್ಬರೂ ಅವರ ತರಗತಿಗೆ ಹೋಗಿ ಪತ್ರಿಕೆಗಳನ್ನು ಬೆಂಚಿನ ಮೇಲೆ ಹರಡಿದೆವು. ಏನೂ ಕಾಣಲಿಲ್ಲ. ಕೆಂಪು ಅಲ್ಲಲ್ಲಿ ಚದುರಿತ್ತು. ಜಿತೇಶನ ಜಾಗ ಬೋರ್ಡಿನ ಎದುರಿಗೇ.

"ಇಲ್ಲಿ ಮಳೆ ಅಲ್ಲ ಟೀಚರೇ," ಎಂದರು ಶ್ರುತಿ ಟೀಚರ್, ಸ್ವಲ್ಪ ನಿರಾಶೆಯಿಂದ.

"ಅಲ್ಲ," ಎಂದೆ. "ಬೇರೆ ಎಂತದೋ ಇರಬೇಕು."

ಹಾಜರಿ ನೋಡಿದೆವು. ಪರೀಕ್ಷೆಯ ನಂತರ ಅವನು ಶಾಲೆಗೇ ಬಂದಿರಲಿಲ್ಲ. ಪಟ್ಟಿಯ ಮಾತು ಹೇಗೋ ಅವನ ಮನೆಗೆ ತಲುಪಿತ್ತು ಎಂದು ಆಮೇಲೆ ಗೊತ್ತಾಯಿತು. ರಿಜಿಸ್ಟರಿನಲ್ಲಿದ್ದ ನಂಬರಿಗೆ ಫೋನು ಮಾಡಿದರೆ ತಂದೆ ತೆಗೆದರು. ಹಿನ್ನೆಲೆಯಲ್ಲಿ ಯಾವುದೋ ಯಂತ್ರದ ಸದ್ದು, ಪ್ರಾಯಶಃ ಕೆಲಸದಲ್ಲಿದ್ದರು. ಜಿತೇಶ ಯಾಕೆ ಬರುವುದಿಲ್ಲ ಎಂದು ಕೇಳಿದೆ. ಅವರು ಅದಕ್ಕೆ, "ಅವನು ದಡ್ಡನಾ ಟೀಚರೇ? ಇದ್ದದ್ದು ಇದ್ದ ಹಾಗೆ ಹೇಳಿ," ಎಂದರು.

"ಅಲ್ಲ," ಎಂದೆ, ಯಂತ್ರವನ್ನೂ ಮೀರಿ ಕೇಳುವ ಹಾಗೆ. "ಅವನಿಗೆ ಎಲ್ಲಿ ತಪ್ಪಿದ್ದು ಅಂತ ನಮಗೆ ಇನ್ನೂ ಗೊತ್ತಾಗಲಿಲ್ಲ, ಅಷ್ಟೆ. ಹುಡುಕ್ತಾ ಇದ್ದೇವೆ. ಅವನು ಎದುರಿಗೆ ಇಲ್ಲದೆ ಹುಡುಕಲಿಕ್ಕೆ ಆಗುವುದಿಲ್ಲ."

ಆ ಕಡೆ ಯಂತ್ರ ನಿಂತಿತು. ಅವರು ಯಾರಿಗೋ ಏನೋ ಹೇಳಿದ್ದು ಕೇಳಿಸಿತು. ಆಮೇಲೆ ಒಂದು ದೊಡ್ಡ ಉಸಿರು, ಫೋನಿಗೆ ತೀರಾ ಹತ್ತಿರದಿಂದ.

"ಹಾಗಾದರೆ ನಾಳೆ ಕಳಿಸ್ತೇನೆ," ಎಂದರು.